ಬಳ್ಳಿಗೆ ಸೀರಿ, ಕರುವಿಗೆ ಗೋಣಿಚೀಲ
ಜತ್ತ, ಅಕ್ಕಲಕೋಟೆ ಸೀಮೆಯ ತೋಟ–ಕೊಟ್ಟಿಗೆಗಳಲ್ಲಿ ಥಂಡಿ ಜತೆ ನಡೆಯುವ ಗುದ್ದಾಟ

ಜತ್ತ: ಬೆಳಗಿನ ಜಾವ ನಾಲ್ಕು ಗಂಟೆ. ಉಮದಿ ಸೀಮೆಯ ಒಂದು ತೋಟದ ವಸ್ತಿ. ಎರಡು ಎಕರೆ ದ್ರಾಕ್ಷಿ, ಮಗ್ಗುಲಲ್ಲಿ ತಗಡಿನ ಕೊಟ್ಟಿಗೆ. ಮನೆಯ ಅಜ್ಜಿ ಕಂಬಳಿ ಹೊದ್ದು ಅಂಗಳಕ್ಕೆ ಬಂದು ಮೊದಲು ಆಕಾಶ ನೋಡುತ್ತಾಳೆ. ಮೋಡ ಇಲ್ಲ, ಗಾಳಿ ಇಲ್ಲ, ಚಿಕ್ಕಿ ಎಲ್ಲ ನಿಚ್ಚಳ. ಆಕೆಗೆ ಬೇರೆ ಹವಾಮಾನ ವರದಿ ಬೇಕಿಲ್ಲ.

“ಏಳೋ ತಮ್ಮಾ, ಇವತ್ತ ಥಂಡಿ ಬಿಡೂದಿಲ್ಲ. ಮೋಟರ್ ಚಾಲೂ ಮಾಡು” ಎಂದು ಮೊಮ್ಮಗನನ್ನು ಎಬ್ಬಿಸುತ್ತಾಳೆ.

“ಆಯಿ, ಕರೆಂಟ್ ಪಾಳಿ ಐದಕ್ಕ ಮುಗೀತೈತಿ. ಒಂದು ತಾಸಿನ್ಯಾಗ ಎಷ್ಟ ನೀರ ಹೋದೀತು?”

“ಎಷ್ಟ ಹೋಗತೈತಿ ಅಷ್ಟ ಹೋಗಲಿ. ನೆಲ ಹಸಿ ಇದ್ರ ಸಾಕು.”

ಮಾರ್ಗಶಿರ, ಪುಷ್ಯ ಮಾಸ ಬಂತೆಂದರೆ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಬಹಳಷ್ಟು ಮನೆಗಳಲ್ಲಿ ರಾತ್ರಿ ಹೀಗೆಯೇ ಕಳೆಯುತ್ತದೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಿ ಬಂದ ಮೇಲೆ ಥಂಡಿ ಜೋರಾಗುತ್ತದೆ, ಸೊಲ್ಲಾಪುರ ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆಯ ಹೊತ್ತಿಗೂ ಇಳಿಯುವುದಿಲ್ಲ. ಶಿವರಾತ್ರಿಗೆ ಶಿವಶಿವಾ ಅಂತ ಚಳಿ ಹೋಗುತ್ತದೆ ಎನ್ನುವ ಮಾತನ್ನು ನಂಬಿ ಜನ ಕಂಬಳಿ ಹೊದ್ದು ಕೂರಬಹುದು. ತೋಟದ ಬಳ್ಳಿ, ಕೊಟ್ಟಿಗೆಯ ಕರು, ಹಟ್ಟಿಯ ಕುರಿಮರಿ ಅಷ್ಟು ದಿನ ಕಾಯಲಾರವು.

ನಮ್ಮ ಸೀಮೆಯಲ್ಲಿ ನೀರು ಗಡ್ಡೆ ಕಟ್ಟುವಷ್ಟು ಥಂಡಿ ಬೀಳುವುದಿಲ್ಲ, ನಿಜ. ಆದರೆ ಕೆಲವು ವರ್ಷ ರಾತ್ರಿಯ ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಬಯಲು ಸೀಮೆಯಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇದ್ದು, ವಾಡಿಕೆಗಿಂತ 4.5 ಡಿಗ್ರಿಯಷ್ಟು ಇಳಿದರೆ ಅದು ಶೀತ ಅಲೆ. ಮಹಾರಾಷ್ಟ್ರದ ದ್ರಾಕ್ಷಿ ಕಣಜ ಎನಿಸಿದ ನಾಶಿಕ ಜಿಲ್ಲೆಯ ನಿಫಾಡದಲ್ಲಿ 2018ರ ಡಿಸೆಂಬರ್ ಕೊನೆಯ ವಾರ ಉಷ್ಣಾಂಶ 2 ಡಿಗ್ರಿಗಿಂತ ಕೆಳಗೆ ಹೋಗಿತ್ತು. ಅಷ್ಟು ಥಂಡಿ ಇಲ್ಲಿ ಬೀಳದಿದ್ದರೂ ಉಷ್ಣ ಸೀಮೆಯ ಬೆಳೆಗೆ 8–10 ಡಿಗ್ರಿಯೇ ಸಾಕು, ತ್ರಾಸು ಕೊಡಲಿಕ್ಕೆ.

ಒಬ್ಬರಿಗೆ ಹಬ್ಬ, ಒಬ್ಬರಿಗೆ ಕಂಟಕ

ಈ ಥಂಡಿ ಎಲ್ಲರಿಗೂ ವೈರಿ ಅಲ್ಲ. ಗೋಧಿ ಬಿತ್ತಿದವರು ಥಂಡಿ ಬಿದ್ದಷ್ಟೂ ಖುಷಿ. ಚಳಿ ಇದ್ದರೆ ಗೋಧಿ ಚೆನ್ನಾಗಿ ತೆಂಡೆ ಒಡೆಯುತ್ತದೆ, ಕಾಳು ತುಂಬುತ್ತದೆ. ಹಿಂಗಾರಿ ಜೋಳಕ್ಕೂ ಇಬ್ಬನಿ ಆಸರೆ. ಆದರೆ ಕಡಲೆ ಹೂವಿಗೆ ಬಂದಾಗ ಥಂಡಿ ವಿಪರೀತವಾದರೆ ಹೂ ಉದುರುತ್ತದೆ, ಕಾಯಿ ಕಟ್ಟುವುದು ತಡವಾಗುತ್ತದೆ.

ದ್ರಾಕ್ಷಿಯ ಕಥೆಯೇ ಬೇರೆ. ಅಕ್ಟೋಬರ್ ಚಾಟಣಿ ಮಾಡಿದ ತೋಟಗಳಲ್ಲಿ ಡಿಸೆಂಬರ್, ಜನವರಿ ಎಂದರೆ ಮಣಿ ದಪ್ಪವಾಗುವ, ಮಣಿಗೆ ನೀರು ಇಳಿಯುವ ಹೊತ್ತು. ಸಾಂಗ್ಲಿಯ ಒಣದ್ರಾಕ್ಷಿಗೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಬಿಳಿ ದ್ರಾಕ್ಷಿಯ ಹೆಸರಾಂತ ತಳಿ ಸೋನಾಕಾ ಬಂದದ್ದು ಸೊಲ್ಲಾಪುರ ಹತ್ತಿರದ ನಾನ್ನಜದ ತೋಟದಿಂದ. ಹೀಗೆ ಹೆಸರು ಮಾಡಿದ ಸೀಮೆಯಲ್ಲಿ ವರ್ಷದ ದುಡಿಮೆ, ಸೊಸೈಟಿ ಸಾಲ, ಮಕ್ಕಳ ಶಾಲೆಯ ಖರ್ಚು, ಮನೆಯ ಲಗ್ನ ಎಲ್ಲವೂ ಆ ಗೊನೆಗಳಲ್ಲೇ ಜೋತು ಬಿದ್ದಿರುತ್ತವೆ.

ಥಂಡಿಯಲ್ಲಿ ಬಳ್ಳಿಗೆ ಆಗುವುದು ಮೂರು ತರದ ಪೆಟ್ಟು. ಮೊದಲನೆಯದು, ಬೆಳವಣಿಗೆ ಕುಂಠಿತ. ಮಣ್ಣು ತಣ್ಣಗಾದರೆ ಬಿಳಿ ಬೇರು ಕೆಲಸ ನಿಧಾನ ಮಾಡುತ್ತವೆ. ಮೇಲೆ ಎಷ್ಟು ಗೊಬ್ಬರ ಕೊಟ್ಟರೂ ಬಳ್ಳಿ ಎತ್ತಿಕೊಳ್ಳುವುದಿಲ್ಲ. ಮಣಿ ಹಿಗ್ಗುವುದಿಲ್ಲ, ಸಿಹಿ ಏರುವುದಿಲ್ಲ. ಎರಡನೆಯದು, ಮಣಿ ಬಿರಿಯುವುದು. ಸಂಜೆ ಜಾಸ್ತಿ ನೀರು ಕುಡಿದ ಬಳ್ಳಿ, ರಾತ್ರಿ ಥಂಡಿ, ಮುಂಜಾನೆ ಇಬ್ಬನಿ, ಮೇಲೆ ಏಕದಮ್ ಬಿಸಿಲು. ಇಷ್ಟು ಕೂಡಿದರೆ ನೀರು ಇಳಿದ ಮಣಿಯ ಸಿಪ್ಪೆ ಒಡೆಯುತ್ತದೆ. ಒಂದು ಮಣಿ ಒಡೆದರೆ ರಸ ಸೋರಿ ಇಡೀ ಗೊನೆ ಕೊಳೆಯುತ್ತದೆ. ಮೂರನೆಯದು, ‘ಪಿಂಕ್ ಬೆರಿ’. ಥಾಮ್ಸನ್ ಮತ್ತು ಅದರಿಂದ ಬಂದ ಬಿಳಿ ತಳಿಗಳಲ್ಲಿ ಹಗಲಿನ ಬಿಸಿಲಿಗೂ ರಾತ್ರಿಯ ಥಂಡಿಗೂ ಅಂತರ ಹೆಚ್ಚಾದರೆ ಹಸಿರು ಮಣಿ ಗುಲಾಬಿಗೆ ತಿರುಗುತ್ತದೆ. ತಿನ್ನಲು ಅದು ಕೆಟ್ಟದ್ದಲ್ಲ. ಆದರೆ ವ್ಯಾಪಾರಿ ಬಂದು ಗೊನೆ ಎತ್ತಿ ನೋಡಿ ಬದಿಗಿಡುತ್ತಾನೆ. ರಫ್ತಿಗೆ ಅಂತೂ ಹೋಗುವುದೇ ಇಲ್ಲ.

“ಬಣ್ಣ ತಿರಗಿದ್ರ ರೇಟ್ ತಿರಗತೈತ್ರಿ. ಹಣ್ಣ ಅದ, ಸಿಹಿ ಅದ, ಆದ್ರ ಕೇಳಾವ್ರಿಲ್ಲ” ಎನ್ನುವುದು ಈ ಭಾಗದ ತೋಟಗಾರರ ಸಂಕಟ.

ಇದಕ್ಕೆ ತೋಟಗಾರರು ಕಂಡುಕೊಂಡ ಉಪಾಯ ಸರಳ. ಮಣಿಗೆ ನೀರು ಇಳಿಯುವ ಮುಂಚೆಯೇ ಗೊನೆಗೆ ಹಳೆ ಪೇಪರ್ ಸುತ್ತುವುದು. ಪೇಪರ್ ಒಳಗೆ ಬಿಸಿಲೂ ನೇರ ಬೀಳುವುದಿಲ್ಲ, ಥಂಡಿಯೂ ಒಮ್ಮೆಲೇ ತಾಗುವುದಿಲ್ಲ. ಬಣ್ಣ ತಿರುಗಿದ ಮೇಲೆ ಸುತ್ತಿದರೆ ಉಪಯೋಗ ಇಲ್ಲ. ಎರಡು ಎಕರೆಗೆ ಸುತ್ತಲು ಎಷ್ಟು ಹೆಣ್ಣಾಳು ಬೇಕು, ಎಷ್ಟು ದಿನ ಬೇಕು ಎನ್ನುವುದು ತೋಟ ಇದ್ದವರಿಗೇ ಗೊತ್ತು. ಕೆಲವರು ತೋಟದ ಗಾಳಿ ಬರುವ ಬದಿಗೆ, ಅಂದರೆ ಉತ್ತರ ಮತ್ತು ಪೂರ್ವ ದಿಕ್ಕಿಗೆ, ಹಳೆ ಸೀರೆಗಳನ್ನು ಜೋಡಿಸಿ ಹೊಲಿದು ಪರದೆ ಕಟ್ಟುತ್ತಾರೆ. ದಾಳಿಂಬೆ ತೋಟದವರಿಗೆ ಸೀರೆಯ ಪರಿಚಯ ಮೊದಲಿನದು. ಬೇಸಿಗೆಯ ಬಿಸಿಲಿಗೆ ಗಿಡದ ಮೇಲೆ ಹೊದಿಸಿದ ಅದೇ ಸೀರೆ ಚಳಿಗಾಲಕ್ಕೂ ಬರುತ್ತದೆ.

ನೀರು ಯಾವಾಗ ಬಿಡಬೇಕು?

ಥಂಡಿ ರಾತ್ರಿಯಲ್ಲಿ ತೋಟಕ್ಕೆ ನೀರು ಬಿಡುವುದು ಅಜ್ಜಿಯ ಹಟ ಅಲ್ಲ, ಅದಕ್ಕೆ ಕಾರಣ ಉಂಟು. ಬೋರಿನ, ಬಾವಿಯ ನೀರು ಭೂಮಿಯ ಒಳಗಿನಿಂದ ಬರುವುದರಿಂದ ಹೊರಗಿನ ಗಾಳಿಗಿಂತ ಬೆಚ್ಚಗಿರುತ್ತದೆ. ಮುಂಜಾವಿನಲ್ಲಿ ಬೋರಿನ ನೀರಿನಿಂದ ಹಬೆ ಏಳುವುದನ್ನು ಎಲ್ಲರೂ ನೋಡಿರುತ್ತಾರೆ. ಆ ಕಾವು ನೆಲಕ್ಕೆ ಸೇರುತ್ತದೆ, ನೆಲದಿಂದ ಬಳ್ಳಿಯ ಬುಡಕ್ಕೆ ಸಿಗುತ್ತದೆ. ಜತೆಗೆ ಹಸಿ ಮಣ್ಣು ಹಗಲಿನ ಬಿಸಿಲನ್ನು ಒಣ ಮಣ್ಣಿಗಿಂತ ಹೆಚ್ಚು ಹಿಡಿದಿಟ್ಟುಕೊಂಡು ರಾತ್ರಿ ನಿಧಾನವಾಗಿ ಬಿಡುತ್ತದೆ.

ಆದರೆ ಇಲ್ಲಿ ಮಿತಿ ಬೇಕು. ನೀರು ಇಳಿದ ಮಣಿ ಇರುವ ತೋಟಕ್ಕೆ ಒಮ್ಮೆಲೇ ಜಾಸ್ತಿ ನೀರು ಕೊಟ್ಟರೆ ಮಣಿ ಬಿರಿಯುವುದು ಹೆಚ್ಚಾಗುತ್ತದೆ. ಅದಕ್ಕೆ ಡ್ರಿಪ್ಪಿನಲ್ಲಿ ಸ್ವಲ್ಪ ಸ್ವಲ್ಪ, ನಡುವೆ ಬಿಟ್ಟು ಬಿಟ್ಟು ಕೊಡಬೇಕು. ಮಣ್ಣು ಪೂರ್ತಿ ಒಣಗಲೂಬಾರದು, ಕೆಸರೂ ಆಗಬಾರದು.

ರವದಿ ಹೊದಿಸುವವರಿಗೂ ಒಂದು ಮಾತು. ಕಬ್ಬಿನ ರವದಿ, ಒಣ ಹುಲ್ಲು ಬುಡಕ್ಕೆ ಹೊದಿಸಿದರೆ ಬೇರು ಬೆಚ್ಚಗಿರುತ್ತದೆ, ನೀರು ಉಳಿಯುತ್ತದೆ. ಆದರೆ ಅದೇ ಹೊದಿಕೆ ನೆಲದ ಕಾವನ್ನು ಮೇಲೆ ಬರಗೊಡುವುದಿಲ್ಲ. ಹೀಗಾಗಿ ಚಿಕ್ಕ ಸಸಿ, ಕುಂಡದ ಗಿಡ, ಬಾಳೆಯ ಬುಡಕ್ಕೆ ರವದಿ ಒಳ್ಳೆಯದು. ಥಂಡಿ ವಿಪರೀತ ಇರುವ ನಾಲ್ಕೆಂಟು ರಾತ್ರಿಗಳಲ್ಲಿ ಬಳ್ಳಿಯ ಸಾಲಿನ ನಡುವಿನ ನೆಲ ಮಾತ್ರ ಕಳೆ ಇಲ್ಲದೆ, ಹಸಿಯಾಗಿ, ತೆರೆದೇ ಇರಲಿ.

ಹೊಗೆ ಹಾಕಿದರೆ ಥಂಡಿ ಹೋಗುತ್ತದೆಯೇ?

ತೋಟದ ಬದುವಿನಲ್ಲಿ ಶೇಕೋಟಿ ಹಾಕುವುದು ಎರಡೂ ಭಾಷೆಯ ರೈತರಿಗೆ ರೂಢಿ. ಹೊಗೆ ತೋಟದ ಮೇಲೆ ಕಂಬಳಿಯಂತೆ ಕವಿದರೆ ಥಂಡಿ ಒಳಗೆ ಬರುವುದಿಲ್ಲ ಎಂಬ ನಂಬಿಕೆ. ನಿಜ ಹೇಳಬೇಕೆಂದರೆ ಇಲ್ಲಿ ಕೆಲಸ ಮಾಡುವುದು ಹೊಗೆಗಿಂತ ಬೆಂಕಿಯ ಕಾವು. ಮೋಡ ಇಲ್ಲದ ರಾತ್ರಿ ನೆಲದ ಕಾವು ಆಕಾಶಕ್ಕೆ ಹೋಗಿಬಿಡುತ್ತದೆ. ಮೋಡ ಅದನ್ನು ತಡೆದು ಹಿಡಿಯುತ್ತದೆ, ಹೊಗೆಗೆ ಅಷ್ಟು ಶಕ್ತಿ ಇಲ್ಲ.

ಗಾಳಿ ನಿಂತ ರಾತ್ರಿಯಲ್ಲಿ ನೆಲದ ಹತ್ತಿರ ತಣ್ಣನೆಯ ಗಾಳಿ, ಅದರ ಮೇಲೆ ಸ್ವಲ್ಪ ಬೆಚ್ಚಗಿನ ಗಾಳಿ ಇರುತ್ತದೆ. ಸಣ್ಣ ಸಣ್ಣ ಬೆಂಕಿ ಹತ್ತಾರು ಕಡೆ ಇದ್ದರೆ ಇವೆರಡೂ ಬೆರೆತು ಒಂದೆರಡು ಡಿಗ್ರಿ ಉಳಿಯಬಹುದು. ಒಂದೇ ದೊಡ್ಡ ಬೆಂಕಿ ಹಾಕಿದರೆ ಕಾವೆಲ್ಲ ನೆಟ್ಟಗೆ ಮೇಲೆ ಹೋಗುತ್ತದೆ, ಹತ್ತಿರದ ಬಳ್ಳಿ ಮಾತ್ರ ಸುಡುತ್ತದೆ. ಟೈರ್, ಪ್ಲಾಸ್ಟಿಕ್ ಸುಡುವುದಂತೂ ಬೇಡವೇ ಬೇಡ. ಆ ಹೊಗೆಯ ಮಸಿ ಮಣಿಗೆ ಕೂರುತ್ತದೆ, ಮನೆಯ ಮಕ್ಕಳ ಎದೆಗೂ ಕೂರುತ್ತದೆ. ಥಂಡಿ ಹೆಚ್ಚು ಕಾಡುವುದು ಬೆಳಗಿನ ನಾಲ್ಕರಿಂದ ಸೂರ್ಯ ಏಳುವ ತನಕ. ಹತ್ತು ಗಂಟೆಗೇ ಶೇಕೋಟಿ ಹಚ್ಚಿ ಮಲಗಿದರೆ ಕಟ್ಟಿಗೆ ಹೋಯಿತು, ಥಂಡಿ ಉಳಿಯಿತು.

ತಣ್ಣನೆಯ ಗಾಳಿ ಭಾರ. ಅದು ನೀರಿನ ಹಾಗೆ ಇಳಿಜಾರಿಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹಳ್ಳದ ದಂಡೆಯ ತೋಟಕ್ಕೆ ದಿನ್ನೆಯ ತೋಟಕ್ಕಿಂತ ಹೆಚ್ಚು ಪೆಟ್ಟು ಬೀಳುವುದು ಇದಕ್ಕೇ. ಹೊಸದಾಗಿ ಬಳ್ಳಿ ಹಚ್ಚುವವರು ನೀರು ಹತ್ತಿರ ಎಂದು ತಗ್ಗು ಹುಡುಕುವ ಮುಂಚೆ ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಬೂದಿ ರೋಗ, ಇಲ್ಲಿನವರು ಭುರಿ ಎಂದೂ ಕರೆಯುವ ರೋಗ, ತಂಪು ಹವೆಗೆ ಜೋರಾಗುತ್ತದೆ. ಗಂಧಕ ಹೊಡೆಯುವವರು ಒಂದನ್ನು ನೆನಪಿಡಬೇಕು. ಗಂಧಕ ಆವಿಯಾಗಿ ಕೆಲಸ ಮಾಡುವ ಔಷಧ. ತೀರ ಥಂಡಿ ಇದ್ದಾಗ ಅದರ ಶಕ್ತಿ ಕಡಿಮೆ. ಹೊಡೆದೆ, ಆದರೂ ರೋಗ ನಿಲ್ಲಲಿಲ್ಲ ಎನ್ನುವ ದೂರಿಗೆ ಇದೂ ಒಂದು ಕಾರಣ. ಬಿಸಿಲು ಏರಿದ ಮೇಲೆ, ತಜ್ಞರನ್ನು ಕೇಳಿ ಔಷಧ ಆರಿಸುವುದು ಸರಿ.

ಹಿತ್ತಲ ಗಿಡಗಳ ಕಾಳಜಿ

ತೋಟ ಇಲ್ಲದವರ ಮನೆಯಲ್ಲೂ ಹಿತ್ತಲು ಇರುತ್ತದೆ. ಕಟ್ಟೆಯ ತುಳಸಿ, ಕರಿಬೇವು, ಮಲ್ಲಿಗೆ, ನುಗ್ಗೆ, ಪಪ್ಪಾಯಿ, ನಾಲ್ಕು ಬಾಳೆ, ಕೆಲವರ ಮನೆಯಲ್ಲಿ ಎಲೆಬಳ್ಳಿ. ಇವೆಲ್ಲ ಬೆಚ್ಚನೆಯ ಹವೆಯ ಗಿಡಗಳು. ತುಳಸಿ ಕಪ್ಪಾಗುವುದು, ಕರಿಬೇವು ಹಳದಿಯಾಗಿ ಎಲೆ ಉದುರಿಸುವುದು, ಬಾಳೆ ಸುಳಿ ಬಿಡದೆ ನಿಲ್ಲುವುದು ಇವೆಲ್ಲ ಥಂಡಿಯ ಗುರುತು. ಬಾಳೆ 12 ಡಿಗ್ರಿಯ ಆಸುಪಾಸು ಬಂದರೆ ಬೆಳೆಯುವುದನ್ನೇ ನಿಲ್ಲಿಸುತ್ತದೆ. ಗೊನೆ ಹೊರಬರಲಾಗದೆ ಕುತ್ತಿಗೆಯಲ್ಲೇ ಸಿಕ್ಕಿಕೊಳ್ಳುವುದೂ ಉಂಟು.

ಕುಂಡದಲ್ಲಿ ಇರುವ ಗಿಡಗಳನ್ನು ಸಂಜೆ ಗೋಡೆಯ ಮಗ್ಗುಲಿಗೆ ಸರಿಸಿದರೆ ಅರ್ಧ ಕೆಲಸ ಮುಗಿಯಿತು. ಹಗಲು ಕಾದ ಗೋಡೆ ರಾತ್ರಿಯಿಡೀ ಕಾವು ಬಿಡುತ್ತದೆ. ಸರಿಸಲಾಗದ ಗಿಡಕ್ಕೆ ನಾಲ್ಕು ಕೋಲು ನೆಟ್ಟು ಹಳೆ ಸೀರೆ ಅಥವಾ ಗೋಣಿಚೀಲ ಹೊದಿಸಬೇಕು. ಬಟ್ಟೆ ನೆಲದ ತನಕ ಇಳಿಯಬೇಕು, ನೆಲದ ಕಾವು ಒಳಗೇ ನಿಲ್ಲಬೇಕು. ಪ್ಲಾಸ್ಟಿಕ್ ಹಾಳೆ ಎಲೆಗೆ ತಾಗುವಂತೆ ಹೊದಿಸಬಾರದು. ತಾಗಿದಲ್ಲೆಲ್ಲ ಎಲೆ ಸುಡುತ್ತದೆ. ಬೆಳಿಗ್ಗೆ ಬಿಸಿಲು ಬಿದ್ದ ಕೂಡಲೆ ಹೊದಿಕೆ ತೆಗೆಯಬೇಕು. ಇಲ್ಲದಿದ್ದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ.

ಕುಂಡದ ಗಿಡಗಳಿಗೆ ನೀರು ಹಾಕುವುದು ಬಿಸಿಲು ಏರಿದ ಮೇಲೆ, ಬುಡಕ್ಕೆ ಮಾತ್ರ. ಸಂಜೆ ಎಲೆ ತೊಯ್ಯುವಂತೆ ನೀರು ಹಾಕಿದರೆ ರೋಗ ಕರೆದಂತೆ. ಥಂಡಿಯ ದಿನಗಳಲ್ಲಿ ಯೂರಿಯಾ ಕೊಡಬಾರದು. ಎಳೆ ಚಿಗುರು ಬಂದು ಅದೇ ಮೊದಲು ಸಾಯುತ್ತದೆ. ಒಣಗಿದ ಟೊಂಗೆ ಕಂಡ ಕೂಡಲೆ ಕತ್ತರಿಸುವುದೂ ಸರಿಯಲ್ಲ. ಒಣಗಿದ ಎಲೆ ಒಳಗಿನ ಟೊಂಗೆಗೆ ಹೊದಿಕೆಯಾಗಿರುತ್ತದೆ. ಥಂಡಿ ಹೋಗಿ ಹೊಸ ಚಿಗುರು ಎಲ್ಲಿಂದ ಬರುತ್ತದೆ ಎಂದು ನೋಡಿ ಆಮೇಲೆ ಕತ್ತರಿ ಹಚ್ಚಬೇಕು.

ನಿಜವಾಗಿ ಹಿಮ ಬೀಳುವ ನೀಲಗಿರಿಯಲ್ಲೂ ಇದೇ ತತ್ವ. ಊಟಿಯಲ್ಲಿ ನವೆಂಬರಿನಿಂದ ಜನವರಿ ತನಕ ಹುಲ್ಲಿನ ಮೇಲೆ ಬಿಳಿ ಹಿಮ ಕೂರುತ್ತದೆ. ಅಲ್ಲಿನ ಸರಕಾರಿ ಸಸ್ಯೋದ್ಯಾನದಲ್ಲಿ ಎಳೆ ಗಿಡಗಳಿಗೆ ಸೊಪ್ಪಿನ ಹೊದಿಕೆ ಹಾಕುತ್ತಾರೆ, ಮುಂಜಾನೆ ಹುಲ್ಲಿನ ಮೇಲೆ ನೀರು ಚಿಮುಕಿಸುತ್ತಾರೆ. ಹಿಮ ಕೂತ ಎಲೆಗೆ ನೇರ ಬಿಸಿಲು ಬಿದ್ದರೆ ಸುಟ್ಟಂತೆ ಆಗುತ್ತದೆ. ಬಿಸಿಲು ಬರುವ ಮೊದಲೇ ನೀರಿನಿಂದ ಹಿಮ ಕರಗಿಸಿದರೆ ಎಲೆ ಉಳಿಯುತ್ತದೆ.

ಕೊಟ್ಟಿಗೆ ಬೆಚ್ಚಗಿರಲಿ, ಉಸಿರು ಕಟ್ಟದಿರಲಿ

ಮತ್ತೆ ಅದೇ ವಸ್ತಿಯ ಕೊಟ್ಟಿಗೆಗೆ ಬಂದರೆ, ಅಲ್ಲಿ ಒಂದು ಎಚ್.ಎಫ್. ಆಕಳು, ಒಂದು ಎಮ್ಮೆ, ವಾರದ ಕರು, ಆರು ಕುರಿ. ಸೊಸೆ ಮೂರೂ ಬದಿಗೆ ತಾಡಪತ್ರಿ ಕಟ್ಟಿ ಒಳಗೆ ಬೆಂಕಿ ಹಾಕಲು ಹೊರಟಿದ್ದಳು.

“ಅತ್ತಿ, ಒಳಗ ಒಂದೀಟ ಬೆಂಕಿ ಹಾಕಲ್ರಿ? ಕರಾ ನಡಗಾಕತ್ತೈತಿ.”

“ಬ್ಯಾಡ ಯವ್ವಾ. ಹೊಗಿ ತುಂಬಿದ್ರ ದನ ಕೆಮ್ಮತಾವ. ಮೈ ಒರಸಿ ಚೀಲ ಕಟ್ಟು, ಕೆಳಗ ಒಣಾ ಹುಲ್ಲ ಹಾಕು.”

ಅಜ್ಜಿಯ ಮಾತಿನಲ್ಲಿ ದನದ ಡಾಕ್ಟರು ಹೇಳುವ ಪಾಠವೆಲ್ಲ ಇದೆ. ಮುಚ್ಚಿದ ಕೊಟ್ಟಿಗೆಯಲ್ಲಿ ಬೆಂಕಿ ಹಾಕಿದರೆ ವಿಷದ ಗಾಳಿ ತುಂಬುತ್ತದೆ, ಹುಲ್ಲಿಗೆ ಕಿಡಿ ತಾಗುವ ಭಯ ಬೇರೆ. ಗಂಜಲದ ಘಾಟು ಕೂಡ ಒಳಗೇ ನಿಂತರೆ ದನದ ಪುಪ್ಪುಸಕ್ಕೆ ಕೆಡುಕು. ಗಾಳಿ ನೇರ ಹೊಡೆಯುವ ಬದಿಗೆ ದನದ ಎತ್ತರಕ್ಕೆ ತಾಡಪತ್ರಿ ಕಟ್ಟಬೇಕು, ಮೇಲ್ಗಡೆ ಗಾಳಿ ಆಡಲು ಜಾಗ ಬಿಡಬೇಕು. ಬಿಸಿಲು ಬಂದ ಮೇಲೆ ತಾಡಪತ್ರಿ ಎತ್ತಿ ನೆಲ ಒಣಗಿಸಬೇಕು. ಒಣ ನೆಲ ಇದ್ದರೆ ಅರ್ಧ ಥಂಡಿ ಹೋದಂತೆ. ಗಂಜಲದಲ್ಲಿ ತೊಯ್ದ ನೆಲದ ಮೇಲೆ ಮಲಗಿದ ದನಕ್ಕೆ ಎಷ್ಟು ಗೋಣಿಚೀಲ ಹೊದಿಸಿದರೂ ಸಾಲದು.

ವಿಚಿತ್ರ ಎಂದರೆ ಎಚ್.ಎಫ್. ಆಕಳಿಗೆ ಈ ಥಂಡಿ ಅಂಥ ತ್ರಾಸು ಕೊಡುವುದಿಲ್ಲ. ಅದು ತಂಪು ದೇಶದ ತಳಿ. 5ರಿಂದ 25 ಡಿಗ್ರಿ ಅದಕ್ಕೆ ಹಿತ, ಬೇಸಿಗೆಯೇ ಅದಕ್ಕೆ ಕಷ್ಟ. ಎಮ್ಮೆಗೆ ಮೈಮೇಲೆ ಕೂದಲು ಕಡಿಮೆ, ಹೀಗಾಗಿ ಥಂಡಿ ಬೇಗ ತಾಗುತ್ತದೆ. ಎಲ್ಲಕ್ಕಿಂತ ಅಪಾಯ ಕರುಗಳಿಗೆ.

ಹುಟ್ಟಿದ ಕರುವಿನ ಮೈ ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಬೇಕು. ಒಂದೆರಡು ತಾಸಿನೊಳಗೆ ಗಿಣ್ಣದ ಹಾಲು ಕುಡಿಸಬೇಕು. ಕರುವಿನ ತೂಕದ ಹತ್ತನೇ ಒಂದು ಪಾಲಿನಷ್ಟು ಗಿಣ್ಣ ಮೊದಲ ದಿನ ಹೊಟ್ಟೆಗೆ ಹೋಗಬೇಕು. 25 ಕಿಲೋ ಕರುವಿಗೆ ಎರಡೂವರೆ ಲೀಟರ್. ಪೂರ್ತಿ ಗಿಣ್ಣ ಕರುವಿಗೆ ಕೊಟ್ಟರೆ ಖರವಸಕ್ಕೆ ಉಳಿಯುವುದಿಲ್ಲ ಎಂದು ಕೈ ಹಿಡಿಯುವವರಿದ್ದಾರೆ. ಆದರೆ ಕರುವಿಗೆ ಕಾವು ಕೊಡುವುದೂ ಅದೇ, ರೋಗ ತಡೆಯುವ ಶಕ್ತಿ ಕೊಡುವುದೂ ಅದೇ.

ದೊಡ್ಡ ದನಗಳಿಗೆ ಕಾವು ಹೊಟ್ಟೆಯಿಂದ ಬರುತ್ತದೆ. ಒಣ ಮೇವು ಹೊಟ್ಟೆಯಲ್ಲಿ ಕಳಿಯುವಾಗ ಕಾವು ಹುಟ್ಟುತ್ತದೆ. ಅದಕ್ಕೆ ಸಂಜೆ ಕಣಕಿ ಒಂದು ಸೂಡು ಹೆಚ್ಚಿಗೆ ಹಾಕಬೇಕು. ಥಂಡಿ ಎಂದು ಒಮ್ಮೆಲೇ ಬೆಲ್ಲ, ಹಿಟ್ಟು, ಕಾಳು ಬಹಳ ತಿನ್ನಿಸಿದರೆ ಹೊಟ್ಟೆ ಹುಳಿಯಾಗಿ ದನ ಮೇವು ಬಿಡುತ್ತದೆ. ಕುಡಿಯುವ ನೀರು ಬೋರಿನಿಂದ ಆಗಷ್ಟೇ ಬಂದದ್ದಿರಲಿ. ರಾತ್ರಿಯ ತೊಟ್ಟಿಯ ಕೊರೆಯುವ ನೀರನ್ನು ದನ ಮೂಸಿ ಬಿಟ್ಟುಬಿಡುತ್ತದೆ. ನೀರು ಕಡಿಮೆ ಕುಡಿದರೆ ಹಾಲು ಕಡಿಮೆ. ಕೆಚ್ಚಲ ಮೊಲೆ ಒಡೆಯದಂತೆ ಹಿಂಡಿದ ಮೇಲೆ ಒರೆಸಿ ಸ್ವಲ್ಪ ಬೆಣ್ಣೆ ಅಥವಾ ಕೊಬ್ಬರಿ ಎಣ್ಣೆ ಹಚ್ಚಬೇಕು. ಕಾಲು–ಬಾಯಿ ಬೇನೆಯ, ಮರಾಠಿಯವರು ಲಾಳ್ಯಾ ಖುರಕೂತ ಎನ್ನುವ ಬೇನೆಯ, ಲಸಿಕೆಯನ್ನು ಸರಕಾರವೇ ಪುಕ್ಕಟೆ ಹಾಕುತ್ತದೆ. ಪಾಳಿ ತಪ್ಪಿಸಬಾರದು.

ಕೋಳಿಯ ಮರಿಗಳಿಗೆ ಮೊದಲ ವಾರ 35 ಡಿಗ್ರಿಯಷ್ಟು ಕಾವು ಬೇಕು, ಆಮೇಲೆ ವಾರಕ್ಕೆ ಎರಡೂವರೆ ಮೂರು ಡಿಗ್ರಿ ಇಳಿಸುತ್ತ ಹೋಗಬಹುದು. ಮರಿಗಳು ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದರೆ ಕಾವು ಸಾಲುತ್ತಿಲ್ಲ, ದೂರ ಓಡಿದರೆ ಕಾವು ಹೆಚ್ಚಾಗಿದೆ. ಇದಕ್ಕಿಂತ ಒಳ್ಳೆಯ ಥರ್ಮಾಮೀಟರ್ ಬೇಡ.

ಕುರಿಮರಿ ಕಲಿಸಿದ ಪಾಠ

ಜತ್ತ ತಾಲೂಕಿನ ಮಾಡಗ್ಯಾಳ ಊರಿನ ಹೆಸರು ದೂರದವರಿಗೂ ಗೊತ್ತಿರುವುದು ಕುರಿಯಿಂದ. ಉದ್ದ ಕಾಲು, ಬಾಗಿದ ಮೂಗು, ಬಿಳಿ ಮೈಮೇಲೆ ಕಂದು ಮಚ್ಚೆಯ ಮಾಡಗ್ಯಾಳ ಕುರಿಗೆ ಒಳ್ಳೆಯ ರೇಟು. ಆದರೆ ಇದಕ್ಕೆ ಡೆಕ್ಕನಿ ಕುರಿಯ ಹಾಗೆ ದಟ್ಟ ಉಣ್ಣೆ ಇಲ್ಲ. ಥಂಡಿಯಲ್ಲಿ ಹುಟ್ಟಿದ ಮರಿ ಬೇಗ ಸೋಲುತ್ತದೆ.

ಹಿಂದಿನ ವರ್ಷ ಈ ವಸ್ತಿಯಲ್ಲಿ ಒಂದು ಮರಿ ಹೋಯಿತು. ಬೆಳಿಗ್ಗೆ ನೋಡಿದಾಗ ಕುತ್ತಿಗೆ ಎತ್ತದೆ ಬಿದ್ದಿತ್ತು. ಮೊಮ್ಮಗ ಗಾಬರಿಯಿಂದ ಬಿಸಿ ಹಾಲು ತಂದು ಬಾಯಿಗೆ ಹೊಯ್ದ. ನುಂಗುವ ಶಕ್ತಿಯೇ ಇರದ ಮರಿಗೆ ಹಾಲು ಹೊಟ್ಟೆಗೆ ಹೋಗಲಿಲ್ಲ, ಪುಪ್ಪುಸಕ್ಕೆ ಹೋಯಿತು. “ಉಳಸಾಕ ಹೋಗಿ ನಾನ ಕೊಂದೆ” ಎಂದು ಹುಡುಗ ಎರಡು ದಿನ ಊಟ ಬಿಟ್ಟಿದ್ದ.

ಥಂಡಿ ಹಿಡಿದ ಮರಿಯನ್ನು ಗುರುತಿಸುವ ಕ್ರಮ ಸರಳ. ಬಾಯೊಳಗೆ ಬೆರಳಿಡಬೇಕು. ಬಾಯಿ ತಣ್ಣಗಿದ್ದರೆ ಮರಿ ಅಪಾಯದಲ್ಲಿದೆ. ಕುತ್ತಿಗೆ ಎತ್ತುವ ಮರಿಗೆ ಮೈ ಒರೆಸಿ ತಾಯಿ ಹಾಲು ಹಿಂಡಿ ಸ್ವಲ್ಪ ಸ್ವಲ್ಪ ಕುಡಿಸಬಹುದು. ಕುತ್ತಿಗೆ ಎತ್ತಲಾಗದ ಮರಿಗೆ ಬಾಯಿಗೆ ಏನೂ ಹಾಕಬಾರದು. ಮೊದಲು ಒಣ ಬಟ್ಟೆ, ಕಂಬಳಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯಿಂದ ಕಾವು, ಆಮೇಲೆ ಹಾಲು. ಹುಟ್ಟಿ ಐದು ತಾಸು ದಾಟಿದ ಮರಿಯಾದರೆ ಮೈಯಲ್ಲಿ ಸಕ್ಕರೆ ಅಂಶವೂ ಮುಗಿದಿರುತ್ತದೆ, ಗ್ಲೂಕೋಸ್ ಕೊಡಬೇಕಾಗುತ್ತದೆ. ಅದು ಡಾಕ್ಟರ ಕೆಲಸ. ಸಂಚಾರಿ ಪಶು ಆಸ್ಪತ್ರೆಯ ನಂಬರ್ 1962, ಪುಕ್ಕಟೆ.

ಹೊಲದಲ್ಲಿ ಬೀಡುಬಿಟ್ಟ ಕುರುಬರು ಮರಿಗಳನ್ನು ದೊಡ್ಡ ಬಿದಿರ ಬುಟ್ಟಿಯ ಕೆಳಗೆ ಒಟ್ಟಿಗೆ ಮುಚ್ಚಿಡುತ್ತಾರೆ. ಒಂದರ ಕಾವು ಇನ್ನೊಂದಕ್ಕೆ. ಬುಟ್ಟಿಯ ಸಂದಿನಿಂದ ಗಾಳಿಯೂ ಆಡುತ್ತದೆ. ಮೇಲೆ ಒಂದು ಕಂಬಳಿ ಬಿದ್ದರೆ ಬೆಳಗಿನ ತನಕ ಚಿಂತೆ ಇಲ್ಲ.

ಮೆಸೇಜ್ ಬಂತು, ಓದುವವರು ಯಾರು?

ಥಂಡಿಯ ಮುನ್ಸೂಚನೆ ಈಗ ಮೊದಲಿನಂತೆ ಚಿಕ್ಕಿ ನೋಡಿ ಹೇಳುವ ಕೆಲಸ ಅಲ್ಲ. ಹವಾಮಾನ ಇಲಾಖೆಯ ಕೃಷಿ ಸಲಹೆ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಜಿಲ್ಲೆವಾರು ಬರುತ್ತದೆ. 2019ರಲ್ಲಿ ಶುರುವಾದ ‘ಮೇಘದೂತ’ ಆ್ಯಪಿನಲ್ಲಿ ಮೊಬೈಲಿಗೇ ಸಿಗುತ್ತದೆ. ಆದರೆ ಸಾಂಗ್ಲಿ, ಸೊಲ್ಲಾಪುರ ಜಿಲ್ಲೆಯ ಸಲಹೆ ಬರುವುದು ಮರಾಠಿಯಲ್ಲಿ.

ಕನ್ನಡ ಶಾಲೆಯಲ್ಲಿ ಕಲಿತ ಹಿರಿಯರಿಗೆ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, ಮಾತಾಡುವ ಮರಾಠಿ ಬರುತ್ತದೆ, ಓದುವ ಮರಾಠಿ ಕಷ್ಟ. ಕೊಟ್ಟಿಗೆ ನೋಡಿಕೊಳ್ಳುವವರು ಅವರೇ. ಓದಬಲ್ಲ ಮಗ ಸೊಲ್ಲಾಪುರದಲ್ಲೋ ಪುಣೆಯಲ್ಲೋ ನೌಕರಿಯಲ್ಲಿರುತ್ತಾನೆ. ಮೆಸೇಜ್ ಆತನ ಮೊಬೈಲಿಗೆ ಬರುತ್ತದೆ, ಥಂಡಿ ಕರುವಿಗೆ ಬರುತ್ತದೆ.

“ಅಪ್ಪನ ಮೊಬೈಲಿಗೆ ಬಂದಿತ್ತಂತ ಆಯಿ, ಮುಂಜಾನೆ ಫೋನ್ ಮಾಡಿ ಹೇಳ್ಯಾನ.”

“ಮುಂಜಾನೆ ಹೇಳಿದ್ರ ಏನ ಬಂತೋ, ರಾತ್ರಿ ಹೋತಲ್ಲ.”

ಇದಕ್ಕೆ ಗಡಿಯವರಿಗೆ ಒಂದು ಸುಲಭ ದಾರಿ ಇದೆ. ಆ್ಯಪಿನಲ್ಲಿ ತಮ್ಮ ಜಿಲ್ಲೆಯ ಜತೆಗೆ ನೆರೆಯ ವಿಜಯಪುರ ಅಥವಾ ಕಲಬುರಗಿ ಜಿಲ್ಲೆಯನ್ನೂ ನೋಡಬಹುದು. ಆ ಜಿಲ್ಲೆಗಳ ಸಲಹೆ ಕನ್ನಡದಲ್ಲಿ ಇರುತ್ತದೆ. ಭೀಮಾ ನದಿಯ ಆಚೆ ಬಿದ್ದ ಥಂಡಿ ಈಚೆಗೂ ಬೀಳುತ್ತದೆ, ಅದಕ್ಕೆ ಗಡಿ ಗೊತ್ತಿಲ್ಲ. ಸಾಂಗ್ಲಿಯ ಅಂಕಿ ಬೇಕಿದ್ದರೆ ಶಾಲೆಗೆ ಹೋಗುವ ಮಕ್ಕಳು ಸಂಜೆ ಒಮ್ಮೆ ಓದಿ ಹೇಳುವ ಪದ್ಧತಿ ಮನೆಮನೆಯಲ್ಲಿ ಬೆಳೆಯಬೇಕು. ಕಿಸಾನ್ ಕಾಲ್ ಸೆಂಟರಿನ ನಂಬರ್ 1800-180-1551. 2004ರಿಂದ ನಡೆದಿರುವ ಈ ಸೇವೆ 22 ಭಾಷೆಗಳಲ್ಲಿದೆ, ಪುಕ್ಕಟೆ.

ವಿಮೆಯ ಮಾತೂ ಇಲ್ಲಿ ಬರುತ್ತದೆ. ಹವಾಮಾನ ಆಧಾರಿತ ಹಣ್ಣಿನ ಬೆಳೆ ವಿಮೆಯಲ್ಲಿ ಪರಿಹಾರ ಸಿಗುವುದು ತೋಟದಲ್ಲಿ ಆದ ಹಾನಿ ನೋಡಿ ಅಲ್ಲ, ಆ ಭಾಗದ ಹವಾಮಾನ ಕೇಂದ್ರದ ಅಂಕಿ ನೋಡಿ. ಕೇಂದ್ರ ದಿನ್ನೆಯ ಮೇಲೆ, ತೋಟ ತಗ್ಗಿನಲ್ಲಿ ಇದ್ದರೆ ರೈತನ ಲೆಕ್ಕ ಬೇರೆ, ಕಂಪನಿಯ ಲೆಕ್ಕ ಬೇರೆ. ಹೊಲ ಎರಡೂ ರಾಜ್ಯದಲ್ಲಿ ಇದ್ದವರು ಇನ್ನೊಂದು ಗಮನಿಸಬೇಕು. ಮನೆ ಎಲ್ಲಿದೆ ಎನ್ನುವುದಲ್ಲ, ಹೊಲ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯದ ಯೋಜನೆ ಅನ್ವಯ. ಯಾವ ಬೆಳೆಗೆ, ಯಾವ ತಾರೀಖಿನಿಂದ ಯಾವ ತಾರೀಖಿನ ತನಕ, ಎಷ್ಟು ಡಿಗ್ರಿಗೆ ಎಂಬುದನ್ನು ಹಣ ಕಟ್ಟುವ ಮುಂಚೆಯೇ ಓದಿಸಿ ಕೇಳಿಕೊಂಡರೆ ಆಮೇಲೆ ಜಗಳ ಇಲ್ಲ.

ನೆನಪಿಡಲು

* ಸಂಜೆ ಮೋಡ ಇಲ್ಲ, ಗಾಳಿ ನಿಂತಿದೆ ಎಂದರೆ ಥಂಡಿ ಹೆಚ್ಚು. ಸೂರ್ಯ ಮುಳುಗುವ ಮೊದಲೇ ಹೊದಿಕೆ ಸಿದ್ಧ ಇರಲಿ.
* ತೋಟಕ್ಕೆ ಮುಂಜಾವಿನಲ್ಲಿ ಸ್ವಲ್ಪ ಸ್ವಲ್ಪ ನೀರು. ನೀರು ಇಳಿದ ಮಣಿಗೆ ಅತಿ ನೀರು ಬೇಡ.
* ಗೊನೆಗೆ ಪೇಪರ್ ಸುತ್ತುವುದು ಬಣ್ಣ ತಿರುಗುವ ಮುಂಚೆ.
* ಹೊದಿಕೆಗೆ ಬಟ್ಟೆ ಒಳ್ಳೆಯದು. ಬಿಸಿಲು ಬಿದ್ದ ಕೂಡಲೆ ತೆಗೆಯಿರಿ.
* ಕೊಟ್ಟಿಗೆಯ ಒಳಗೆ ಬೆಂಕಿ, ಹೊಗೆ ಬೇಡ. ನೆಲ ಒಣಗಿರಲಿ, ಮೇಲೆ ಗಾಳಿ ಆಡಲಿ.
* ಕರುವಿಗೆ ಒಂದೆರಡು ತಾಸಿನೊಳಗೆ ಗಿಣ್ಣ.
* ಕುತ್ತಿಗೆ ಎತ್ತದ ಮರಿಗೆ ಬಾಯಿಗೆ ಹಾಲು ಹೊಯ್ಯಬೇಡಿ. ಮೊದಲು ಕಾವು.

ಅಂದಿನ ರಾತ್ರಿ ಐದಕ್ಕೆ ಕರೆಂಟು ಹೋಯಿತು. ಅಷ್ಟರೊಳಗೆ ಅರ್ಧ ತೋಟಕ್ಕೆ ನೀರು ಮುಟ್ಟಿತ್ತು. ಉಳಿದರ್ಧಕ್ಕೆ ಮೊಮ್ಮಗ ಬದುವಿನ ಮೇಲೆ ಆರೇಳು ಕಡೆ ಸಣ್ಣ ಬೆಂಕಿ ಹಚ್ಚಿ ಒಂದರಿಂದ ಒಂದಕ್ಕೆ ಓಡಾಡಿದ. ಕೊಟ್ಟಿಗೆಯಲ್ಲಿ ಗೋಣಿಚೀಲ ಕಟ್ಟಿಸಿಕೊಂಡ ಕರು ಬೆಳಿಗ್ಗೆ ಎದ್ದು ತಾಯಿಯ ಕೆಚ್ಚಲು ಗುದ್ದುತ್ತಿತ್ತು. ಎರಡು ದಿನದ ಹಿಂದೆ ಹುಟ್ಟಿದ ಕುರಿಮರಿಯ ಬಾಯಿಗೆ ಹುಡುಗ ಬೆರಳಿಟ್ಟು ನೋಡಿದ. “ಬೆಚ್ಚಗ ಐತಿ ಆಯಿ” ಎಂದ.

ಅಜ್ಜಿ ಸೀರೆಯ ಪರದೆ ಬಿಚ್ಚಿ ಮಡಚುತ್ತಿದ್ದಳು. ಸಂಜೆ ಮತ್ತೆ ಕಟ್ಟಬೇಕು.